ಹೆಬ್ಬೆಟ್ಟು ಒತ್ತಿಸುವ ಮೊದಲು ಅವಳನ್ನು ಕೇಳಿ

ಗೆ,
ಗೌರವಾನ್ವಿತ ಕಾರ್ಯಾಧ್ಯಕ್ಷರು ಹಾಗೂ ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ,
ಬೆಂಗಳೂರು.

ವಿಷಯ: ಪಾಲು ವಿಭಾಗದ ದಾವೆಗಳು ಲೋಕ ಅದಾಲತ್‌ನಲ್ಲಿ ರಾಜಿಯಾಗುವಾಗ ಹೆಣ್ಣುಮಕ್ಕಳ ಒಪ್ಪಿಗೆ ಪಡೆಯುತ್ತಿರುವ ರೀತಿಯ ಬಗ್ಗೆ.

ಮಾನ್ಯರೇ,

ನಾನು ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲೆ. ಹೆಚ್ಚಾಗಿ ನಡೆಸುವುದು ಜಮೀನು ಮತ್ತು ಪಾಲಿನ ಕೇಸುಗಳನ್ನು. ಲೋಕ ಅದಾಲತ್ ನಡೆಯುವ ದಿನಗಳಲ್ಲಿ ಕೆಲವೊಮ್ಮೆ ಕಕ್ಷಿದಾರರ ಪರವಾಗಿ ನಿಂತಿದ್ದೇನೆ, ಕೆಲವೊಮ್ಮೆ ಸಂಧಾನಕಾರರ ಕುರ್ಚಿಯಲ್ಲಿ ಕೂತಿದ್ದೇನೆ. ಈ ಪತ್ರದಲ್ಲಿ ಯಾವುದೇ ನ್ಯಾಯಾಲಯದ, ನ್ಯಾಯಾಧೀಶರ ಅಥವಾ ವಕೀಲರ ಹೆಸರು ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಕೊಟ್ಟು ಮುಗಿಸುವ ವಿಷಯವಾಗಿದ್ದರೆ ದೂರನ್ನೇ ಬರೆಯುತ್ತಿದ್ದೆ. ನಾನು ಕಂಡಿರುವುದು ಒಂದು ರೂಢಿ. ಅದನ್ನು ಬದಲಿಸುವ ಅಧಿಕಾರ ತಮಗಿದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನಾನು ಲೋಕ ಅದಾಲತ್‌ನ ವಿರೋಧಿ ಅಲ್ಲ. ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಒಂದೇ ದಿನದಲ್ಲಿ ವಿಮೆ ಪರಿಹಾರ ತೀರ್ಮಾನವಾಗಿದ್ದನ್ನು, ಚೆಕ್‌ಬೌನ್ಸ್ ಕೇಸಿನಲ್ಲಿ ವರ್ಷಗಟ್ಟಲೆ ಅಲೆದ ಅಂಗಡಿಯವನು ದುಡ್ಡು ಎಣಿಸಿಕೊಂಡು ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅಣ್ಣತಮ್ಮಂದಿರು ಬದುವಿನ ಜಗಳವನ್ನು ಅಲ್ಲೇ ಬಗೆಹರಿಸಿಕೊಂಡು ಒಂದೇ ಬೈಕಿನಲ್ಲಿ ಊರಿಗೆ ಹೋಗಿದ್ದೂ ಉಂಟು. ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಮೇಲ್ಮನವಿಯ ಗೋಜಿಲ್ಲ. ಬಡವರಿಗೆ ಇಷ್ಟು ಹತ್ತಿರ ಬಂದ ವ್ಯವಸ್ಥೆ ಬೇರೊಂದಿಲ್ಲ. ಆದ್ದರಿಂದಲೇ ಇದರೊಳಗೆ ನಡೆಯುವ ಅನ್ಯಾಯ ಹೆಚ್ಚು ನೋವು ಕೊಡುತ್ತದೆ.

ಹಿನ್ನೆಲೆ ತಮಗೆ ತಿಳಿದದ್ದೇ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ನಮ್ಮ ತಿದ್ದುಪಡಿ, ಅದು ಜಾರಿಯಾಗುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಗೋಡೆಯನ್ನೂ ತೆಗೆಯಿತು. ವಿನೀತಾ ಶರ್ಮ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಮಗಳು ಮಗನಷ್ಟೇ ಹಕ್ಕುದಾರಳು ಎಂದು ಹೇಳಿತು. ಬಾಯಿಮಾತಿನ ಪಾಲನ್ನು ಸುಲಭವಾಗಿ ನಂಬಬಾರದೆಂದೂ ಹೇಳಿತು. ಅಂದಿನಿಂದ ಹಳ್ಳಿಯ ಲೆಕ್ಕಾಚಾರ ಬದಲಾಯಿತು. ಜಮೀನು ಕೊಳ್ಳುವವರು, ಸಾಲ ಕೊಡುವ ಬ್ಯಾಂಕಿನವರು ವಂಶವೃಕ್ಷ ತರಿಸಿ, ‘ಹೆಣ್ಣುಮಕ್ಕಳ ಸಹಿ ಎಲ್ಲಿ?’ ಎಂದು ಕೇಳತೊಡಗಿದರು. ಕಾನೂನು ಕೊಟ್ಟ ಹಕ್ಕನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಅವಳೇ ಬಿಟ್ಟುಕೊಡಬಹುದು, ಅಷ್ಟೆ. ಹಾಗಾಗಿ ಈಗ ಎಲ್ಲ ಪ್ರಯತ್ನವೂ ಅವಳ ಒಪ್ಪಿಗೆಯ ಸುತ್ತ ನಡೆಯುತ್ತಿದೆ.

ಅದು ನಡೆಯುವ ಬಗೆ ಹೀಗಿದೆ. ಅದಾಲತ್‌ಗೆ ಕೆಲವೇ ವಾರ ಇರುವಾಗ ಒಬ್ಬ ಅಣ್ಣ ವಾದಿಯಾಗಿ, ಉಳಿದ ಅಣ್ಣತಮ್ಮಂದಿರು ಮತ್ತು ಅಕ್ಕತಂಗಿಯರನ್ನು ಪ್ರತಿವಾದಿ ಮಾಡಿ ಪಾಲಿನ ದಾವೆ ಹೂಡುತ್ತಾನೆ. ಜಗಳವೇ ಇಲ್ಲದ ದಾವೆ. ನೋಟಿಸು ಹೆಣ್ಣುಮಕ್ಕಳ ಗಂಡನ ಮನೆಗೆ ಹೋಗುವ ಮೊದಲೇ ಅವರ ಪರವಾಗಿ ವಕಾಲತ್ತು ಬಂದಿರುತ್ತದೆ. ವಕೀಲರನ್ನು ಗೊತ್ತುಮಾಡಿದವರೂ ಫೀಸು ಕೊಟ್ಟವರೂ ಅಣ್ಣಂದಿರೇ. ರಾಜಿ ಅರ್ಜಿ ಮೊದಲೇ ಟೈಪಾಗಿರುತ್ತದೆ, ಅದೂ ಎಷ್ಟೋ ಸಲ ಇಂಗ್ಲಿಷಿನಲ್ಲಿ. ‘ಎ’ ಷೆಡ್ಯೂಲು (ಆಸ್ತಿಪಟ್ಟಿ) ಒಬ್ಬ ಅಣ್ಣನಿಗೆ, ‘ಬಿ’ ಷೆಡ್ಯೂಲು ಇನ್ನೊಬ್ಬನಿಗೆ. ಹೆಣ್ಣುಮಕ್ಕಳ ಬಗ್ಗೆ ಕೊನೆಯಲ್ಲಿ ಒಂದು ಪ್ಯಾರಾ: ಅರಿಶಿನ ಕುಂಕುಮದ ಬಾಬ್ತು ಇಷ್ಟು ಹಣ ಈಗಾಗಲೇ ಪಡೆದಿರುತ್ತಾರೆ, ದಾವಾ ಆಸ್ತಿಯಲ್ಲಿ ಅವರಿಗೆ ಇನ್ನು ಯಾವ ಹಕ್ಕೂ ಇರುವುದಿಲ್ಲ. ಹಕ್ಕು ಬಿಡುಗಡೆ ಪತ್ರ ಮಾಡಿಸಿದ್ದರೆ ಉಪನೋಂದಣಾಧಿಕಾರಿಯ ಮುಂದೆ ಕೂತು ಫೋಟೋ, ಬೆರಳಚ್ಚು ಕೊಡಬೇಕಿತ್ತು, ಖರ್ಚೂ ಇತ್ತು. ದಾವೆಯ ಆಸ್ತಿಗೇ ಸೀಮಿತವಾದ ರಾಜಿ ಡಿಕ್ರಿಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಮೇಲೆ ನ್ಯಾಯಾಲಯದ ಮೊಹರು ಬೇರೆ.

ಒಂದು ಅದಾಲತ್ ದಿನ ನನ್ನ ಕೇಸಿನ ಸರದಿ ಕಾಯುತ್ತಾ ಕೂತಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ತಂದೆತಾಯಿ ಇಲ್ಲ. ಜಮೀನು 4 ಎಕರೆ 12 ಗುಂಟೆ, ರಸ್ತೆಗೆ ಹತ್ತಿರದ್ದು. ಲೆಕ್ಕ ಹಾಕಿದರೆ ಒಬ್ಬೊಬ್ಬರ ಪಾಲಿಗೆ 1 ಎಕರೆ 3 ಗುಂಟೆ. ದೊಡ್ಡ ಮಗಳು ಐವತ್ತು ದಾಟಿದವಳು, ಓದುಬರಹ ಬಾರದು. ಕೂಲಿ ಬಿಟ್ಟು ಬಂದಿದ್ದಳು. ಹೆಸರು ಕೂಗಿದರು, ಹೋಗಿ ನಿಂತಳು. ‘ಒಪ್ಪಿಗೆ ಏನಮ್ಮಾ?’ ಎಂಬ ಪ್ರಶ್ನೆ ಬಂತು. ಅವಳು ತಮ್ಮನ ಮುಖ ನೋಡಿದಳು. ಅವನು ಮೆಲ್ಲಗೆ ‘ಹೂಂ ಅನ್ನಕ್ಕಾ’ ಎಂದ. ಹೂಂ ಎಂದಳು. ಯಾರೋ ಇಂಕ್ ಪ್ಯಾಡ್ ಮುಂದಿಟ್ಟರು, ಹೆಬ್ಬೆರಳು ಹಿಡಿದು ಹಾಳೆಹಾಳೆಗೂ ಒತ್ತಿಸಿದರು. ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಹೊರಗೆ ಬಂದಳು. ಹಿಂದೆಯೇ ಮುಂದಿನ ಕೇಸು ಕೂಗಿದರು.

ಜಗಲಿಯಲ್ಲಿ ನನ್ನ ಕರಿಕೋಟು ನೋಡಿ ಹತ್ತಿರ ಬಂದು ಕೇಳಿದಳು: ‘ಲಾಯರಮ್ಮಾ, ನನ್ ಪಾಲ್ನ ಅಳತೆ ಮಾಡಕ್ಕೆ ಸರ್ವೇರು ಯಾವಾಗ ಬತ್ತಾರೆ?’

ಪಾಲಿನ ಕೇಸು ಮುಗಿಯುತ್ತದೆ, ಬಂದು ಹೆಬ್ಬೆಟ್ಟು ಹಾಕು ಎಂದು ಅವಳಿಗೆ ಹೇಳಿದ್ದರು. ಪಾಲು ಎಂದರೆ ತನ್ನದೂ ಇರುತ್ತದೆ ಎಂದುಕೊಂಡಿದ್ದಳು. ಅವಳ ಕೈಯಲ್ಲಿ ಒಂದು ಚೂರು ಕಾಗದವಿರಲಿಲ್ಲ. ನಕಲಿಗೆ ಅರ್ಜಿ ಹಾಕಿಸಿ, ಬಂದ ಮೇಲೆ ಓದಿ ಹೇಳಿದೆ. ‘ಐವತ್ತು ಸಾವಿರ ಪಡೆದಿದ್ದೀಯಂತೆ’ ಎಂದಾಗ, ತಮ್ಮನ ಮಗಳ ಮದುವೆಯಲ್ಲಿ ಒಂದು ಸೀರೆ ಕೊಟ್ಟಿದ್ದರು ಎಂದಳು. ಆಮೇಲೆ, ‘ಹಂಗಾದ್ರೆ ನಾನ್ ಹೂಂ ಅಂದಿದ್ದು ಯಾತಕ್ಕೆ?’ ಎಂದು ಕೇಳಿದಳು. ಆರ್ಡರ್ ಶೀಟಿನಲ್ಲಿ ಅದಕ್ಕೆ ಉತ್ತರ ಸಿದ್ಧವಿತ್ತು: ಉಭಯ ಪಕ್ಷಕಾರರು ಹಾಜರು, ರಾಜಿ ಅರ್ಜಿಯ ಅಂಶಗಳನ್ನು ಓದಿ ವಿವರಿಸಲಾಯಿತು, ಸರಿ ಇದೆ ಎಂದು ಒಪ್ಪಿಕೊಂಡರು.

ಮಾನ್ಯರೇ, ಇದನ್ನು ಕಾನೂನಿನ ಪಕ್ಕ ಇಟ್ಟು ನೋಡಿ. 1872ರ ಕರಾರು ಕಾಯ್ದೆಯ 13ನೇ ಕಲಮು, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದ್ದರೆ ಮಾತ್ರ ಅದು ಸಮ್ಮತಿ ಎನ್ನುತ್ತದೆ. ಅಂದು ತಮ್ಮ ಒಪ್ಪಿದ್ದು ಅಕ್ಕನಿಗೆ ಪಾಲಿಲ್ಲ ಎಂಬುದನ್ನು. ಅಕ್ಕ ಒಪ್ಪಿದ್ದು ತನಗೆ ಪಾಲು ಸಿಗುತ್ತದೆ ಎಂಬುದನ್ನು. ಮುಂದಿನ ಕಲಮುಗಳು ಬಲವಂತ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆಗಳಿಂದ ಪಡೆದದ್ದು ಮುಕ್ತ ಸಮ್ಮತಿಯಲ್ಲ ಎನ್ನುತ್ತವೆ. ಒಬ್ಬರ ಮನಸ್ಸಿನ ಮೇಲೆ ಹಿಡಿತ ಇರುವವರು ಮೇಲ್ನೋಟಕ್ಕೇ ಅನ್ಯಾಯವಾಗಿ ಕಾಣುವ ವ್ಯವಹಾರ ಮಾಡಿಕೊಂಡರೆ, ತಾನು ಪ್ರಭಾವ ಬೀರಿಲ್ಲ ಎಂದು ತೋರಿಸುವ ಹೊಣೆ ಅವರದೇ ಎಂದು 16ನೇ ಕಲಮು ಹೇಳುತ್ತದೆ. ಕರಾರು ಕಾಯ್ದೆಯಡಿ ಅನೂರ್ಜಿತವಾದ ಅಥವಾ ರದ್ದುಪಡಿಸಬಹುದಾದ ಒಪ್ಪಂದವನ್ನು ಕಾನೂನುಬದ್ಧ ರಾಜಿ ಎಂದು ಪರಿಗಣಿಸಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರ ವಿವರಣೆಯಲ್ಲೇ ಇದೆ.

ಹಿಡಿತ ಎಂದರೆ ಹೊಡೆತ, ಬೆದರಿಕೆ ಎಂದು ತಿಳಿಯಬಾರದು. ನಮ್ಮ ಹೆಣ್ಣುಮಕ್ಕಳ ಮೇಲೆ ಯಾರೂ ಕೈ ಎತ್ತಬೇಕಿಲ್ಲ. ‘ಪಾಲು ಕೇಳಿದರೆ ಇನ್ನು ತವರು ಮರೆತುಬಿಡು’ ಎಂಬ ಒಂದು ಮಾತು ಸಾಕು. ಗೌರಿ ಹಬ್ಬಕ್ಕೆ ಬಾಗಿನ ತರುವವರಿಲ್ಲ, ಮಗಳ ಬಾಣಂತನಕ್ಕೆ ಬಂದು ನಿಲ್ಲುವವರಿಲ್ಲ, ಗಂಡ ಹೊರಗೆ ಹಾಕಿದರೆ ಹೋಗಲು ಮನೆಯಿಲ್ಲ. ಅದೇ ಅಣ್ಣ ಕೋರ್ಟ್ ಹಾಲಿನಲ್ಲಿ ಒಂದು ಮೊಳ ದೂರದಲ್ಲಿ ನಿಂತಿರುವಾಗ, ‘ಒಪ್ಪಿಗೆಯೇ?’ ಎಂದು ಕೇಳಿದರೆ ಅವಳು ಬೇರೇನು ಹೇಳಿಯಾಳು?

ಇನ್ನೊಂದು ಕಡೆ, ಆ ಒಂದು ‘ಹೂಂ’ಗೆ ಕಾನೂನು ಕೊಟ್ಟಿರುವ ಬಲ ನೋಡಿ. ನ್ಯಾಯಾಧೀಶರು ವಿಚಾರಣೆ ನಡೆಸಿ ಕೊಟ್ಟ ತೀರ್ಪಿನ ಮೇಲೆ ಅಪೀಲು ಹೋಗಬಹುದು. ಒಪ್ಪಿಗೆಯ ಡಿಕ್ರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 96(3)ನೇ ಕಲಮಿನ ಪ್ರಕಾರ ಅಪೀಲಿಲ್ಲ. ರಾಜಿ ಕಾನೂನುಬದ್ಧವಲ್ಲ ಎಂದು ಬೇರೆ ದಾವೆ ಹಾಕಲು ಅದೇ ಸಂಹಿತೆಯ ಆದೇಶ 23ರ ನಿಯಮ 3ಎ ಬಿಡುವುದಿಲ್ಲ. ಆದರೂ ಸಾಮಾನ್ಯ ನ್ಯಾಯಾಲಯದ ರಾಜಿಯಾದರೆ, ಅದನ್ನು ದಾಖಲಿಸಿದ ನ್ಯಾಯಾಲಯಕ್ಕೇ ಹೋಗಿ ‘ಇದು ನನ್ನ ನಿಜವಾದ ಒಪ್ಪಿಗೆಯಲ್ಲ’ ಎಂದು ಹೇಳುವ ದಾರಿಯನ್ನು ಬನ್ವಾರಿ ಲಾಲ್, ಪುಷ್ಪಾ ದೇವಿ ಭಗತ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ತೆರೆದಿಟ್ಟಿದೆ. ಅದೇ ತಾಲ್ಲೂಕು, ಅದೇ ಬಸ್ಸು. ಲೋಕ ಅದಾಲತ್‌ನ ಅವಾರ್ಡಿಗೆ, ಎಂದರೆ ಅಲ್ಲಿ ಬರೆದ ರಾಜಿ ಆದೇಶಕ್ಕೆ, ಆ ದಾರಿಯೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮು ಅದನ್ನು ಅಂತಿಮ ಎನ್ನುತ್ತದೆ. ಜಲೌರ್ ಸಿಂಗ್ ಪ್ರಕರಣದ 2008ರ ತೀರ್ಪಿನಂತೆ ಅದನ್ನು ಪ್ರಶ್ನಿಸಲು ಹೈಕೋರ್ಟಿನ ರಿಟ್ ಅರ್ಜಿ ಒಂದೇ ದಾರಿ, ಅದೂ ಬಹಳ ಕಡಿಮೆ ಕಾರಣಗಳಿಗೆ. ವಂಚನೆಯಾಗಿದ್ದರೂ ಸಿವಿಲ್ ದಾವೆ ನಡೆಯದು ಎಂಬುದು 2017ರ ಭಾರ್ಗವಿ ಕನ್‌ಸ್ಟ್ರಕ್ಷನ್ಸ್ ತೀರ್ಪಿನಲ್ಲಿ ಖಚಿತವಾಯಿತು. ನಾನು ಹೇಳಿದ ಆ ಹೆಂಗಸಿಗೆ ಇದನ್ನು ವಿವರಿಸಿದೆ. ‘ಬೆಂಗ್ಳೂರಿಗೋಗಿ ತಮ್ಮನ ಮೇಲೆ ಕೇಸಾಕ್ಲಾ?’ ಎಂದಳು. ಹೋಗಲಿಲ್ಲ.

ಅಪೀಲಿಲ್ಲದ, ದಾವೆ ಇಲ್ಲದ ಇಷ್ಟು ಗಟ್ಟಿಯಾದ ಆದೇಶ ನಿಂತಿರುವುದು ಒಪ್ಪಿಗೆ ಎಂಬ ಒಂದೇ ಕಂಬದ ಮೇಲೆ. ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ. ಲೋಕ ಅದಾಲತ್‌ಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಪಕ್ಷಕಾರರು ಒಪ್ಪಿದ್ದನ್ನು ಬರೆದುಕೊಳ್ಳುವುದಷ್ಟೇ ಅದರ ಕೆಲಸ ಎಂದು ಅದೇ ಜಲೌರ್ ಸಿಂಗ್ ತೀರ್ಪು ಹೇಳುತ್ತದೆ. ಹಾಗಿದ್ದ ಮೇಲೆ ಒಪ್ಪಿಗೆಯನ್ನು ಕೇಳುವ ಕೆಲಸವೇ ಅಲ್ಲಿನ ಮುಖ್ಯ ನ್ಯಾಯಿಕ ಕೆಲಸ. ಅದಕ್ಕೆ ಈಗ ಸಿಗುತ್ತಿರುವ ಸಮಯ ಅರ್ಧ ನಿಮಿಷ.

ವಿಚ್ಛೇದನಕ್ಕೂ ಇದಕ್ಕೂ ಇರುವ ಅಂತರ ನನ್ನನ್ನು ಬಹಳ ಕಾಡುತ್ತದೆ. ಗಂಡಹೆಂಡತಿ ಪರಸ್ಪರ ಒಪ್ಪಿ ಬೇರೆಯಾಗಬೇಕೆಂದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮು 6 ತಿಂಗಳು ಕಾಯಲು ಹೇಳುತ್ತದೆ, ಆಮೇಲೆ ನ್ಯಾಯಾಲಯ ಇಬ್ಬರನ್ನೂ ಕೇಳಿ, ವಿಚಾರಿಸಿ, ಮನದಟ್ಟಾದ ಮೇಲಷ್ಟೇ ಡಿಕ್ರಿ ಕೊಡಬೇಕು. ಮೊದಲು ಕೊಟ್ಟ ಒಪ್ಪಿಗೆಯನ್ನು ಡಿಕ್ರಿಯಾಗುವವರೆಗೂ ಹಿಂತೆಗೆದುಕೊಳ್ಳಬಹುದು ಎಂದು ಸುರೇಷ್ಟಾ ದೇವಿ ಪ್ರಕರಣದಲ್ಲಿ 1991ರಲ್ಲೇ ತೀರ್ಮಾನವಾಗಿದೆ. ಸೂಕ್ತ ಸಂದರ್ಭದಲ್ಲಿ ಆ ಕಾಯುವ ಅವಧಿಯನ್ನು ಬಿಡಬಹುದೆಂದು 2017ರಲ್ಲಿ ಹೇಳಿದಾಗಲೂ ಸುಪ್ರೀಂ ಕೋರ್ಟ್ ಅದಕ್ಕೆ ಷರತ್ತುಗಳನ್ನು ಇಟ್ಟಿತು. ಗಂಡನನ್ನು ಬಿಡುವ ಮುನ್ನ ಹೆಣ್ಣಿಗೆ ಯೋಚಿಸಲು ಸಮಯ ಬೇಕು ಎಂದು ಒಪ್ಪುವ ಕಾನೂನು, ಹುಟ್ಟಿನಿಂದ ಬಂದ ಭೂಮಿಯನ್ನು ಬಿಡುವ ಮುನ್ನ ಒಂದು ರಾತ್ರಿಯನ್ನೂ ಕೊಡುವುದಿಲ್ಲ.

ಪಾಲು ಬೇಡ ಎನ್ನುವ ಹೆಣ್ಣುಮಕ್ಕಳೇ ಇಲ್ಲವೇ ಎಂದು ಕೇಳುವವರಿದ್ದಾರೆ. ಇದ್ದಾರೆ. ನನ್ನ ಕಕ್ಷಿದಾರರಲ್ಲೇ ಇದ್ದರು. ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡ ತಮ್ಮನಿಗೆ ತನ್ನ ಭಾಗ ಇರಲಿ ಎಂದು, ಎಷ್ಟು ಗುಂಟೆ, ಏನು ಬೆಲೆ ಎಂದು ಪೂರ್ತಿ ತಿಳಿದೇ ಬಿಟ್ಟುಕೊಟ್ಟ ಅಕ್ಕನನ್ನು ಕಂಡಿದ್ದೇನೆ. ಅವಳ ನಿರ್ಧಾರವನ್ನು ಪ್ರಶ್ನಿಸಲು ನಾನು ಯಾರು? ಪಾಲು ತೆಗೆದುಕೊಳ್ಳಲೇಬೇಕು ಎಂದು ಒತ್ತಾಯಿಸುವುದೂ ಅವಳ ಬಾಯಿ ಮುಚ್ಚಿಸಿದಂತೆಯೇ. ತಿಳಿದು ಕೊಟ್ಟವಳಿಗೂ ತಿಳಿಯದೆ ಕಳೆದುಕೊಂಡವಳಿಗೂ ವ್ಯತ್ಯಾಸ ಆರ್ಡರ್ ಶೀಟಿನಲ್ಲಿ ಕಾಣಬೇಕು ಎಂಬುದಷ್ಟೇ ನನ್ನ ಹಟ. ಇಂದು ಎರಡಕ್ಕೂ ಒಂದೇ ವಾಕ್ಯ ಬರೆಯಲಾಗುತ್ತಿದೆ.

ಹೊಸ ಕಾನೂನು ತನ್ನಿ ಎಂದು ನಾನು ಕೇಳುತ್ತಿಲ್ಲ. ಬೇಕಾದ ನಿಯಮ ಆಗಲೇ ಇದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2009ರಲ್ಲಿ ಮಾಡಿದ ಲೋಕ ಅದಾಲತ್ ನಿಬಂಧನೆಗಳ 17ನೇ ನಿಬಂಧನೆಯನ್ನು ದಯವಿಟ್ಟು ಮತ್ತೊಮ್ಮೆ ಓದಿ. ಷರತ್ತುಗಳನ್ನು ಪೂರ್ತಿ ಅರ್ಥ ಮಾಡಿಕೊಂಡ ಮೇಲೆಯೇ ಪಕ್ಷಕಾರರು ಸಹಿ ಮಾಡುವಂತೆ ಸದಸ್ಯರು ನೋಡಿಕೊಳ್ಳಬೇಕು. ಷರತ್ತುಗಳು ಅಸಮಂಜಸವಾಗಿ, ಕಾನೂನುಬಾಹಿರವಾಗಿ ಅಥವಾ ಏಕಪಕ್ಷೀಯವಾಗಿ ಇಲ್ಲವೆಂದು, ಬೆದರಿಕೆ ಬಲವಂತಗಳಿಲ್ಲದೆ ಸ್ವಇಚ್ಛೆಯಿಂದ ಒಪ್ಪಿದ್ದಾರೆಂದು ಮನದಟ್ಟು ಮಾಡಿಕೊಳ್ಳಬೇಕು. ಮೋಸಕ್ಕೆ ಅದಾಲತ್ ಬಳಕೆಯಾಗದಿರಲೆಂದು, ಮೂರನೆಯವರ ನೆರವಿನಿಂದ ಹೊರಗೆ ಮಾಡಿಕೊಂಡು ಬಂದ ರಾಜಿಗೆ ಸದಸ್ಯರು ಸಹಿ ಹಾಕುವುದನ್ನು ತಪ್ಪಿಸಬೇಕು. ಅವಾರ್ಡಿನ ಪ್ರತಿಯನ್ನು ಎಲ್ಲ ಪಕ್ಷಕಾರರಿಗೂ ಉಚಿತವಾಗಿ ಕೊಡಬೇಕು. ನಾಲ್ವರಲ್ಲಿ ಇಬ್ಬರಿಗೆ ಎಲ್ಲ ಜಮೀನು, ಇಬ್ಬರಿಗೆ ಅರಿಶಿನ ಕುಂಕುಮ ಎನ್ನುವ ರಾಜಿ ಏಕಪಕ್ಷೀಯ ಅಲ್ಲದಿದ್ದರೆ ಇನ್ಯಾವುದು ಏಕಪಕ್ಷೀಯ? ನಿಯಮ ಸರಿಯಾಗಿದೆ. ಒಂದೇ ದಿನದಲ್ಲಿ ಮೇಜಿನ ಮೇಲೆ ಬರುವ ಕಡತಗಳ ರಾಶಿಯಲ್ಲಿ ಅದನ್ನು ಪಾಲಿಸಲು ಯಾರಿಗೂ ಬಿಡುವಿಲ್ಲ. ಇಷ್ಟು ಪ್ರಕರಣ ಇತ್ಯರ್ಥ ಎಂಬ ಸಂಖ್ಯೆ ಮರುದಿನ ಪತ್ರಿಕೆಯಲ್ಲಿ ಬರಬೇಕಾದಾಗ, ಒಬ್ಬ ಹೆಂಗಸಿನ ಜೊತೆ ಹತ್ತು ನಿಮಿಷ ಮಾತಾಡುವ ಸಂಧಾನಕಾರರೇ ಕೆಲಸ ನಿಧಾನ ಮಾಡುವವರಾಗಿ ಕಾಣುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇವು. ಪಾಲಿನ ದಾವೆಯಲ್ಲಿ ಯಾವ ಹೆಣ್ಣುಮಗಳಾದರೂ ಪೂರ್ತಿ ಅಥವಾ ಹೆಚ್ಚಿನ ಭಾಗ ಬಿಟ್ಟುಕೊಡುವ ರಾಜಿ ಬಂದರೆ, ಸಂಧಾನಕಾರರು ಅವಳನ್ನು ಅಣ್ಣತಮ್ಮಂದಿರು ಮತ್ತು ಅವರ ವಕೀಲರು ಇಲ್ಲದ ಕೋಣೆಯಲ್ಲಿ, ಸಾಧ್ಯವಿದ್ದ ಕಡೆ ಮಹಿಳಾ ಸದಸ್ಯರ ಮುಂದೆ, ಪ್ರತ್ಯೇಕವಾಗಿ ಮಾತಾಡಿಸಲಿ. ‘ಒಪ್ಪಿಗೆಯೇ?’ ಎಂದು ಕೇಳುವುದು ಬೇಡ. ‘ಈ ಕಾಗದದಲ್ಲಿ ಏನಿದೆ, ನಿನಗೆ ಏನು ಬರುತ್ತದೆ, ಏನು ಹೋಗುತ್ತದೆ, ನೀನೇ ಹೇಳಮ್ಮಾ’ ಎಂದು ಕೇಳಲಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ನಾಲ್ಕು ಸಾಲು ಬರೆದುಕೊಳ್ಳಲಿ. ನನ್ನ ಅನುಭವದಲ್ಲಿ ಸತ್ಯ ಹೊರಬರಲು ಅಷ್ಟು ಸಾಕು.

ಇಂಥ ರಾಜಿ ಅರ್ಜಿ ಕನ್ನಡದಲ್ಲಿಯೇ ಇರಲಿ. ಅವಳ ಕಾನೂನುಬದ್ಧ ಪಾಲು ಎಷ್ಟು ಎಕರೆ, ಎಷ್ಟು ಗುಂಟೆ, ಯಾವ ಸರ್ವೆ ನಂಬರು, ಸರ್ಕಾರಿ ಮಾರ್ಗಸೂಚಿ ದರದಲ್ಲಿ ಅದರ ಬೆಲೆ ಏನು ಎಂಬುದನ್ನು ಅದರಲ್ಲಿ ಬರೆಯುವುದು ಕಡ್ಡಾಯವಾಗಲಿ. ಹಣ ಕೊಟ್ಟಿದ್ದೇವೆ ಎನ್ನುವವರು ಅವಳ ಬ್ಯಾಂಕ್ ಖಾತೆಗೆ ಕೊಟ್ಟ ದಾಖಲೆ ತೋರಿಸಲಿ. ಕರಡಿನ ಪ್ರತಿ ಅದಾಲತ್‌ಗೆ ಕನಿಷ್ಠ ಎರಡು ವಾರ ಮೊದಲು ಅವಳ ಕೈ ಸೇರಲಿ. ಅದಾಲತ್‌ಗೆ ಸ್ವಲ್ಪ ಮೊದಲು ಹೂಡಿದ ಪಾಲಿನ ದಾವೆಯನ್ನು ಅದೇ ಅದಾಲತ್‌ನಲ್ಲಿ ಮುಗಿಸದೆ ಮುಂದಿನದಕ್ಕೆ ಇಡಲಿ.

ಅವಳ ವಕೀಲರ ವಿಷಯ ಇದಕ್ಕಿಂತ ಮುಖ್ಯ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಪ್ರತಿಯೊಬ್ಬ ಮಹಿಳೆಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಅಣ್ಣ ಗೊತ್ತುಮಾಡಿದ ವಕೀಲರ ವಕಾಲತ್ತಿನ ಮೇಲೆ ಅವಳ ಭೂಮಿ ಹೋಗುವುದು ಬೇಡ. ತಾಲ್ಲೂಕು ಸಮಿತಿಯ ಪಟ್ಟಿಯಿಂದ ಒಬ್ಬ ವಕೀಲರು ಅವಳನ್ನು ಮೊದಲೇ ಭೇಟಿಯಾಗಿ, ವಿವರಿಸಿದ್ದೇನೆ ಎಂದು ಸಹಿ ಮಾಡಿದ ಹಾಳೆ ಕಡತದಲ್ಲಿ ಇರಲಿ. ಅವಾರ್ಡಿನ ಪ್ರತಿಯನ್ನು ಅಂದೇ ಅವಳ ಕೈಗೇ ಕೊಡಲಿ. ಅವಳ ಪರವಾಗಿ ಅಣ್ಣ ಪಡೆದುಕೊಂಡರೆ ಸಾಲದು. ಸಮನ್ಸನ್ನೇ ಕಾಣದ, ಸಹಿಯನ್ನೇ ಮಾಡದ ಹೆಣ್ಣುಮಕ್ಕಳನ್ನು ಬಿಟ್ಟು ಉಳಿದವರು ಮಾಡಿಕೊಂಡ ರಾಜಿಗಳೂ ಇವೆ. ಪಾಲಿನ ದಾವೆಯಲ್ಲಿ ಎಲ್ಲ ಪಕ್ಷಕಾರರ ಲಿಖಿತ ಒಪ್ಪಿಗೆ ಇಲ್ಲದ ರಾಜಿ ನಿಲ್ಲದು ಎಂದು ಒಡಿಶಾದ ಚಾರುಲತಾ ಸಾಹು ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆ ತೀರ್ಪಿನ ಸಾರವನ್ನು ಕನ್ನಡದಲ್ಲಿ ಎಲ್ಲ ಸಂಧಾನಕಾರರಿಗೆ ತಲುಪಿಸಿ.

ಇನ್ನು ಆಗಲೇ ಅವಾರ್ಡ್ ಆಗಿಹೋದವರ ಪಾಡು. ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಯ ಮೂಲಕ ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಇಂಥ ಮಹಿಳೆಯರ ರಿಟ್ ಅರ್ಜಿಗಳಿಗೆ ವಕೀಲರನ್ನು ಒದಗಿಸಿ. ಅವರು ತಮ್ಮ ತಾಲ್ಲೂಕಿನಲ್ಲೇ ಅರ್ಜಿ ಕೊಟ್ಟರೆ ಸಾಕು, ಕಾಗದಪತ್ರ ಅಲ್ಲಿಂದಲೇ ಹೋಗುವಂತಾಗಲಿ. ವರದಿಗಳಲ್ಲಿ ಇತ್ಯರ್ಥವಾದ ಪಾಲಿನ ದಾವೆಗಳ ಸಂಖ್ಯೆಯ ಪಕ್ಕದಲ್ಲಿ, ಅವುಗಳಲ್ಲಿ ಎಷ್ಟರಲ್ಲಿ ಹೆಣ್ಣುಮಕ್ಕಳಿಗೆ ಜಮೀನು ಸಿಕ್ಕಿತು, ಎಷ್ಟರಲ್ಲಿ ಏನೂ ಸಿಗಲಿಲ್ಲ ಎಂಬುದನ್ನೂ ಪ್ರಕಟಿಸಿ. ತಮ್ಮ ಬಳಿ ಕಡತಗಳಿವೆ, ಲೆಕ್ಕ ತೆಗೆಯುವುದು ಕಷ್ಟವಲ್ಲ.

ಇವುಗಳಲ್ಲಿ ಹೆಚ್ಚಿನವಕ್ಕೆ ತಮ್ಮ ಒಂದು ಸುತ್ತೋಲೆ ಸಾಕು. ಮುಂದಿನ ರಾಷ್ಟ್ರೀಯ ಲೋಕ ಅದಾಲತ್‌ಗೆ ಪಾಲಿನ ದಾವೆಗಳ ಪಟ್ಟಿ ಸಿದ್ಧವಾಗುವ ಮೊದಲೇ ಅದು ಪ್ರತಿ ತಾಲ್ಲೂಕು ಸಮಿತಿಗೂ ತಲುಪಬೇಕೆಂದು ಕೈಮುಗಿದು ಕೋರುತ್ತೇನೆ. ಸಂಧಾನಕಾರರ ತರಬೇತಿಗೆ, ಪ್ರಶ್ನೆಗಳ ನಮೂನೆ ಸಿದ್ಧಪಡಿಸಲು ನನ್ನಂಥ ತಾಲ್ಲೂಕು ವಕೀಲರ ನೆರವು ಬೇಕಿದ್ದರೆ ಸಂಭಾವನೆ ಇಲ್ಲದೆ ಬಂದು ಕೆಲಸ ಮಾಡಲು ಸಿದ್ಧಳಿದ್ದೇನೆ.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ಒಬ್ಬ ತಾಲ್ಲೂಕು ವಕೀಲೆ